ಗಣಕೋಪಕರಣವೂ ವಿದ್ಯಾರ್ಥಿಧರ್ಮವೂ

ಜಡವಾದ ವಸ್ತುವಿನ ವಿಷಯದಲ್ಲಿ ಚೇತನನಾದ ಮನುಷ್ಯನಿಗೆ ಧರ್ಮವೆಂಬುದೊಂದು ಉಂಟೇ? ಹಸುವನ್ನು ಹೊಡೆದರೆ ಅದಕ್ಕೆ ನೋವಾಗುತ್ತದೆ. ಗಿಡವನ್ನು ಕಿತ್ತರೆ ಅದು ಬಾಡುತ್ತದೆ. ಆದುದರಿಂದ ಅವುಗಳಲ್ಲಿ ದಯೆಯಿಡಬೇಕೆಂದು ಬೋಧಿಸುವುದು ಸುಲಭ. ಆದರೆ ಒಂದು ಕಂಪ್ಯೂಟರನ್ನು ಕೆಳಗೆ ಬೀಳಿಸಿದರೆ ನೋವು ಯಾರಿಗೆ? ಅದು ಅಳುವುದಿಲ್ಲ, ಶಪಿಸುವುದೂ ಇಲ್ಲ. ಹಾಗಿರುವಾಗ ಅದನ್ನು ಜೋಪಾನವಾಗಿಡಬೇಕೆಂದು ವಿದ್ಯಾರ್ಥಿಗೆ ಹೇಳುವ ನಾವು ಬೋಧಿಸುತ್ತಿರುವುದು ಧರ್ಮವನ್ನೋ, ಬರಿಯ ಹಣದ ಲೆಕ್ಕವನ್ನೋ? 2020ರಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿದಂದಿನಿಂದ ಪಾಠವು ಮೊಬೈಲಿನ ಮೂಲಕವೂ ಮನೆಯನ್ನು ಹೊಕ್ಕಿತು. ಅಂದಿನಿಂದ ಈ ಪ್ರಶ್ನೆ ಪಂಡಿತರ ಗೋಷ್ಠಿಗೆ ಸೇರಿದ್ದಾಗಿ ಉಳಿದಿಲ್ಲ. ಪ್ರತಿಯೊಬ್ಬ ಉಪಾಧ್ಯಾಯನೂ ಪ್ರತಿಯೊಬ್ಬ ತಾಯಿತಂದೆಯೂ ಉತ್ತರಿಸಲೇಬೇಕಾದ ಪ್ರಶ್ನೆಯಾಗಿದೆ.

ಪೂರ್ವಪಕ್ಷವನ್ನು ಮೊದಲು ಕೇಳೋಣ. "ಯಂತ್ರವು ಹಣಕ್ಕೆ ಬಂದದ್ದು, ಕೆಟ್ಟರೆ ಹಣಕ್ಕೇ ಮತ್ತೊಂದು ಬರುತ್ತದೆ. ಕೆಡಿಸಿದವನಿಂದ ಬೆಲೆಯನ್ನು ವಸೂಲು ಮಾಡಿದರೆ ವ್ಯವಹಾರ ಮುಗಿಯಿತು. ಇದರಲ್ಲಿ ನೀತಿಬೋಧೆಗೆ ಅವಕಾಶವೆಲ್ಲಿ? ನಿಯಮಗಳ ಹಲಗೆಯೊಂದನ್ನು ಗೋಡೆಗೆ ತೂಗುಹಾಕಿದರೆ ಸಾಲದೇ?" ಈ ವಾದದಲ್ಲಿ ಎರಡು ದೋಷಗಳಿವೆ. ಬೆಲೆಯೇ ಪ್ರಮಾಣವಾದರೆ ಸಿರಿವಂತನ ಮಗನಿಗೆ ಎಚ್ಚರದ ಅಗತ್ಯವೇ ಇಲ್ಲವೆಂದಾಗುತ್ತದೆ. ಕೂಲಿಕಾರನ ಮಗಳಿಗೆ ಭಯವೊಂದೇ ಪಾಲಿಗೆ ಬರುತ್ತದೆ. ಚೀಲದಲ್ಲಿರುವ ಹಣಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುವುದನ್ನು ಕರ್ತವ್ಯವೆಂದು ಕರೆಯಲಾಗದು. ಇದು ಮೊದಲನೆಯ ದೋಷ. ಈ ಉಪಕರಣ ಕೆಟ್ಟಾಗ ಆಗುವ ನಷ್ಟದಲ್ಲಿ ಹಣದಿಂದ ತುಂಬಲಾರದ ಭಾಗವೇ ಹೆಚ್ಚು ಎಂಬುದು ಎರಡನೆಯ ದೋಷ. ಇದನ್ನು ಸ್ವಲ್ಪ ವಿವರಿಸಬೇಕು.

ನೇಗಿಲು, ಮಗ್ಗ, ಸುತ್ತಿಗೆ ಇವೂ ಉಪಕರಣಗಳೇ. ಅವು ಕೈಗೆ ಬಲವನ್ನು ಕೂಡಿಸುತ್ತವೆ. ನೇಗಿಲು ಮುರಿದರೆ ಆ ದಿನದ ಉಳುಮೆ ನಿಲ್ಲುತ್ತದೆ. ಆದರೆ ಯಾವ ನೇಗಿಲೂ ತನ್ನನ್ನು ಹಿಡಿದವನ ಮನೆಯ ಗುಟ್ಟನ್ನು ಬಲ್ಲದ್ದಲ್ಲ. ಗಣಕೋಪಕರಣದ ಸ್ವಭಾವ ಬೇರೆ. ನಮ್ಮ ಹಿರಿಯರು ಅಂತಃಕರಣವನ್ನು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರವೆಂದು ನಾಲ್ಕಾಗಿ ವಿಂಗಡಿಸಿದರು. ಕಂಡದ್ದನ್ನೂ ಕೇಳಿದ್ದನ್ನೂ ಇರಿಸಿಕೊಂಡು ಸ್ಮರಣೆಗೆ ತರುವ ಕೆಲಸವನ್ನು ಚಿತ್ತಕ್ಕೆ ಒಪ್ಪಿಸಿದರು. ಇಂದಿನ ಮೊಬೈಲು ದೇಹದಿಂದ ಹೊರಗೆ ಇರಿಸಿದ ಚಿತ್ತದಂತಿದೆ. ತಾಯಿಯ ಔಷಧದ ಚೀಟಿ, ತಂಗಿಯ ಭಾವಚಿತ್ರ, ಸ್ನೇಹಿತನು ನಂಬಿ ಬರೆದ ಮಾತು, ತಂದೆಯ ಬ್ಯಾಂಕಿನ ಲೆಕ್ಕ, ಎಲ್ಲವೂ ಅದರೊಳಗೆ ಇವೆ. ಅನೇಕ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಹಗಲು ಅದು ತಂದೆಯ ಜೇಬಿನಲ್ಲಿರುತ್ತದೆ, ಸಂಜೆ ಮಗುವಿನ ಕೈಗೆ ಬರುತ್ತದೆ. ಆ ಮಗು ಹಿಡಿದಿರುವುದು ಆಟಿಕೆಯನ್ನೂ ಅಲ್ಲ, ಪಾಠದ ಪುಸ್ತಕವನ್ನಷ್ಟೇ ಅಲ್ಲ. ಇಡೀ ಮನೆಯ ಬೀಗದ ಕೈ ಗೊಂಚಲನ್ನು.

ಆದುದರಿಂದ ಇದನ್ನು ಸ್ವತ್ತೆನ್ನುವುದಕ್ಕಿಂತ ನ್ಯಾಸವೆನ್ನುವುದು ಯುಕ್ತ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಆ ಸ್ಮೃತಿಯಲ್ಲಿ ಉಪನಿಧಿಯೆಂಬ ಒಂದು ಪ್ರಕರಣವಿದೆ. ಒಳಗೆ ಏನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿಟ್ಟು, ನಂಬಿಕೆಯಿಂದ ಮತ್ತೊಬ್ಬನ ಕೈಗೆ ಒಪ್ಪಿಸಿದ ವಸ್ತುವಿಗೆ ಉಪನಿಧಿಯೆಂದು ಹೆಸರು. ಪಡೆದವನು ಅದನ್ನು ಹಾಗೆಯೇ ಹಿಂದಿರುಗಿಸಬೇಕು. ಅರಸನೋ ದೈವವೋ ಕಳ್ಳನೋ ಅದನ್ನು ಅಪಹರಿಸಿದ್ದರೆ ಅವನಿಂದ ಬೆಲೆ ಕೊಡಿಸಬಾರದು. ಎಷ್ಟು ಶತಮಾನಗಳ ಹಿಂದಿನ ಮಾತು! ಆದರೂ ಗೆಳೆಯನು "ಒಂದು ನಿಮಿಷ ಹಿಡಿದಿರು" ಎಂದು ಕೊಟ್ಟುಹೋದ ಮೊಬೈಲಿಗೆ ಇದಕ್ಕಿಂತ ಹೊಂದುವ ಲಕ್ಷಣವನ್ನು ಹೇಳಲಾರೆವು. ತೆರೆದು ನೋಡದಿರುವುದು, ಕೆಡದಂತೆ ಕಾಯುವುದು, ಕೇಳಿದಾಗ ಕೊಡುವುದು: ವಿದ್ಯಾರ್ಥಿಗೆ ಕಲಿಸಬೇಕಾದ ಉಪಕರಣಧರ್ಮವೆಲ್ಲ ಈ ಮೂರರಲ್ಲಿ ಅಡಗಿದೆ. ಶಾಲೆಯ ಕಂಪ್ಯೂಟರು ಮುಂದಿನ ವರ್ಷದ ಮಕ್ಕಳ ನ್ಯಾಸ. ಮನೆಯ ಮೊಬೈಲು ಮನೆಯವರ ನ್ಯಾಸ. ತಾನೇ ದುಡಿದು ಕೊಂಡ ಲ್ಯಾಪ್‌ಟಾಪಿನಲ್ಲಿಯೂ ಪರರ ಮಾತು, ಪರರ ಚಿತ್ರ ಇರುವುದರಿಂದ ಅದೂ ಪೂರ್ತಿಯಾಗಿ ತನ್ನದಲ್ಲ.

ಈ ರಕ್ಷಣೆ ಬಾಹ್ಯಶೌಚ, ಅಂತಃಶೌಚವೆಂದು ಎರಡು ಬಗೆ. ಬಾಹ್ಯವನ್ನು ಮೊದಲು ನೋಡೋಣ. ತಾಳೆಯ ಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರು ಕೊನೆಯ ಗರಿಯಲ್ಲಿ ಒಂದು ಪ್ರಾರ್ಥನೆಯನ್ನು ಬರೆಯುವ ಪದ್ಧತಿಯಿತ್ತು. ಪುಸ್ತಕವೇ ಬಾಯಿಬಿಟ್ಟು ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ತನ್ನನ್ನು ಕಾಪಾಡೆಂದೂ ಮೂಢನ ಕೈಗೆ ತನ್ನನ್ನು ಒಪ್ಪಿಸಬೇಡವೆಂದೂ ಬೇಡಿಕೊಳ್ಳುವ ಧಾಟಿ ಅದು. ಯಂತ್ರದ ಶತ್ರುಗಳೂ ಬಹುಮಟ್ಟಿಗೆ ಅವೇ. ಕಾವೂ ಧೂಳೂ ಹೊಸದಾಗಿ ಸೇರಿವೆ, ಅಷ್ಟೇ. ಕೊನೆಯ ಬೇಡಿಕೆಯನ್ನು ಮಾತ್ರ ಉಪಾಧ್ಯಾಯನು ನಡೆಸಿಕೊಡಲಾರನು. ತಿಳಿಯದವನ ಕೈಗೆ ಕೊಡುವುದೇ ಅವನ ವೃತ್ತಿ. ಕೊಟ್ಟು, ತಿಳಿಯುವಂತೆ ಮಾಡುವುದೇ ಅವನ ಹೊಣೆ.

ತಿಳಿಯುವಂತೆ ಮಾಡುವುದೆಂದರೆ ನಿಯಮದೊಡನೆ ಕಾರಣವನ್ನೂ ಹೇಳುವುದು. "ಹಾಸಿಗೆಯ ಮೇಲಿಟ್ಟು ಲ್ಯಾಪ್‌ಟಾಪನ್ನು ನಡೆಸಬೇಡ" ಎಂದರೆ ಅದು ಬರಿಯ ಆಜ್ಞೆ. ಯಂತ್ರದೊಳಗಿನ ಚಿಕ್ಕ ಫ್ಯಾನು ತಳದ ಮತ್ತು ಪಕ್ಕದ ಕಿಂಡಿಗಳ ಮೂಲಕ ಬಿಸಿಗಾಳಿಯನ್ನು ಹೊರಗೆ ದಬ್ಬುತ್ತದೆ, ಹಾಸಿಗೆಯ ಬಟ್ಟೆ ಆ ಕಿಂಡಿಗಳನ್ನು ಮುಚ್ಚುತ್ತದೆ ಎಂದು ತೋರಿಸಿಕೊಟ್ಟರೆ ಅದು ವಿದ್ಯೆಯಾಗುತ್ತದೆ. ಶಾಲೆಗಳಲ್ಲಿ ಧೂಳು ಬೀಳದಿರಲೆಂದು ಕಂಪ್ಯೂಟರಿಗೆ ಹೊದಿಸುವ ಬಟ್ಟೆ ಒಳ್ಳೆಯದೇ; ಯಂತ್ರ ನಡೆಯುತ್ತಿರುವಾಗಲೂ ಹೊದಿಸಿದರೆ ಅದೇ ಬಟ್ಟೆ ಅದಕ್ಕೆ ಮೃತ್ಯುವಾಗುತ್ತದೆ. ಕಿರಿದಾದ ವಸ್ತುವೂ ಯಂತ್ರವನ್ನು ನಿಲ್ಲಿಸಬಲ್ಲುದೆಂಬುದಕ್ಕೆ ಪ್ರಸಿದ್ಧವಾದ ದೃಷ್ಟಾಂತವೊಂದುಂಟು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಗಣಕಯಂತ್ರದ ರಿಲೇ ಒಂದರಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ಕೆಲಸಗಾರರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿ ಟಿಪ್ಪಣಿ ಬರೆದರು. ಕೋಣೆಯನ್ನೇ ತುಂಬುವ ಯಂತ್ರಕ್ಕೆ ಒಂದು ಹುಳುವಿನಿಂದ ಅಡ್ಡಿಯಾಯಿತೆಂದರೆ, ಅಂಗೈಯಗಲದ ಯಂತ್ರಕ್ಕೆ ಒಂದು ಹನಿ ಚಹಾ ಸಾಲದೇ?

ಬ್ಯಾಟರಿಯ ಸಂಗತಿಯೂ ಹೀಗೆಯೇ. ಮೊಬೈಲು, ಲ್ಯಾಪ್‌ಟಾಪುಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದನ್ನು ಸಾಧ್ಯಗೊಳಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಈ ಬ್ಯಾಟರಿಗೆ ಅತಿಯೇ ಶತ್ರು. ಅತಿಯಾದ ಕಾವು, ಸದಾ ಪೂರ್ಣವಾಗಿ ತುಂಬಿಟ್ಟಿರುವುದು, ಪೂರ್ತಿ ಬರಿದಾಗುವವರೆಗೆ ಬಿಡುವುದು, ಇವು ಮೂರೂ ಅದರ ಆಯುಸ್ಸನ್ನು ಕುಗ್ಗಿಸುತ್ತವೆ. ನೂರಕ್ಕೆ 20ರಿಂದ 80ರ ನಡುವೆ ಇರಿಸಿಕೊಂಡರೆ ಅದು ಬಹುಕಾಲ ಬಾಳುತ್ತದೆ. ಮಿತಾಹಾರದ ಬೋಧೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಮಕ್ಕಳಿಗೆ ಎಲ್ಲಿ ಸಿಕ್ಕೀತು? ದಿಂಬಿನ ಕೆಳಗಿಟ್ಟು ಚಾರ್ಜು ಮಾಡಬಾರದು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಅದು ಹೊತ್ತಿಕೊಳ್ಳುವ ಸಂಭವವುಂಟು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನು ಕಿತ್ತಿಡುವುದು ಕ್ಷೇಮ. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವ ರೂಢಿ ಮನೆಮನೆಗಳಲ್ಲಿದೆ. ಅಕ್ಕಿಯ ಹುಡಿ ಕಿಂಡಿಗಳನ್ನು ಹೊಕ್ಕು ಮತ್ತಷ್ಟು ಕೆಡಿಸೀತು. ಕೂಡಲೇ ಆರಿಸಿ, ಒರೆಸಿ, ಗಾಳಿಯಾಡುವಲ್ಲಿ ಇಟ್ಟು, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕದಿರುವುದೇ ಸರಿಯಾದ ಕ್ರಮ.

ಇಲ್ಲಿಯೇ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಆಯುಧಪೂಜೆಯ ದಿನ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಕಂಪ್ಯೂಟರಿಗೆ ಗಂಧವನ್ನು ಬಳಿದು, ಕುಂಕುಮವನ್ನು ಎರಚಿ, ಹೂವನ್ನು ಏರಿಸಿ, ತೀರ್ಥವನ್ನು ಪ್ರೋಕ್ಷಿಸುವುದನ್ನು ಕಾಣುತ್ತೇವೆ. ಕುಂಕುಮದ ಹುಡಿ ಫ್ಯಾನಿನ ಕಿಂಡಿಯನ್ನು ಸೇರುತ್ತದೆ. ನೀರು ಕೀಲಿಮಣೆಯ ಸಂದಿಗೆ ಇಳಿಯುತ್ತದೆ. ಉಳಿದ ದಿನಗಳಲ್ಲಿ ಅದರ ಧೂಳನ್ನು ಒರೆಸುವವರಿಲ್ಲ. ಶರಣರಲ್ಲಿ ದಾಸಿಮಯ್ಯನನ್ನು ಮಗ್ಗದಿಂದ, ಚೌಡಯ್ಯನನ್ನು ದೋಣಿಯಿಂದ, ಚಂದಯ್ಯನನ್ನು ಹುರಿಯಿಂದ ಗುರುತಿಸುತ್ತೇವೆ. ಅವರ ಹೆಸರಿನ ಮುಂದೆ ಕಾಯಕ ನಿಂತಿದೆಯೇ ಹೊರತು ಕುಲವಲ್ಲ, ಧನವಲ್ಲ. ಕಾಯಕವೇ ಪೂಜೆಯೆಂದು ಬಗೆದವನಿಗೆ ಉಪಕರಣವನ್ನು ಶುಚಿಯಾಗಿ, ಸಿದ್ಧವಾಗಿ ಇಟ್ಟುಕೊಳ್ಳುವುದು ಆ ಪೂಜೆಯ ಅಂಗವೇ ಆಗುತ್ತದೆ. ಮೃದುವಾದ ಒಣಬಟ್ಟೆಯಿಂದ ದಿನವೂ ಪರದೆಯನ್ನು ಒರೆಸುವ ಹುಡುಗನು ಮಾಡುವ ಪೂಜೆ ಉಳಿದ ಯಾವ ಪೂಜೆಗೂ ಕಡಿಮೆಯಲ್ಲ.

ಇನ್ನು ಅಂತಃಶೌಚ. ಪಾಸ್‌ವರ್ಡ್ ಎಂಬುದು ಬೀಗದ ಕೈ. ಅದು ಉದ್ದವಾಗಿರಬೇಕು; ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಕೂಡಿಸಿದರೆ ನೆನಪಿಗೆ ಸುಲಭ, ಊಹೆಗೆ ಕಷ್ಟ. ಹುಟ್ಟಿದ ದಿನವನ್ನೂ ಊರಿನ ಹೆಸರನ್ನೂ ಇಡುವುದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟಂತೆ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡನ್ನು ಇಡುವವನು ಒಂದು ಕಡೆ ಸೋತರೆ ಎಲ್ಲ ಕಡೆಯೂ ಸೋಲುತ್ತಾನೆ. ಓಟಿಪಿಯನ್ನು ಯಾರು ಕೇಳಿದರೂ ಹೇಳತಕ್ಕದ್ದಲ್ಲ. ಯುಪಿಐಯಲ್ಲಿ ಗುಪ್ತಸಂಖ್ಯೆಯನ್ನು ಒತ್ತುವುದು ಹಣವನ್ನು ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ಈ ಒಂದು ವಾಕ್ಯವನ್ನು ತಿಳಿದ ಮಗು ತನ್ನ ಅಜ್ಜಿಯ ಪಿಂಚಣಿಯನ್ನು ಉಳಿಸಬಲ್ಲುದು.

"ನನ್ನ ಯಂತ್ರ, ನನ್ನ ಇಷ್ಟ, ಕೆಟ್ಟರೆ ನನಗೆ ತಾನೇ ನಷ್ಟ" ಎಂದು ಪ್ರಾಯದ ವಿದ್ಯಾರ್ಥಿಗಳು ಕೇಳುವುದುಂಟು. ಪೂರ್ವಪಕ್ಷದ ಕೊನೆಯ ಆಶ್ರಯ ಇದು. ಇದಕ್ಕೆ ಇತಿಹಾಸವೇ ಉತ್ತರ ಹೇಳುತ್ತದೆ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ತೆರೆಯದೆ ಹೋದವು. ದಾಳಿ ನಡೆದದ್ದು ಸಾಮಾನ್ಯರ ಮನೆ, ಅಂಗಡಿಗಳಲ್ಲಿದ್ದ ಕ್ಯಾಮೆರಾಗಳಂಥ ಉಪಕರಣಗಳ ಮೂಲಕ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟಿದ್ದುದರಿಂದ ಮಿರಾಯ್ ಎಂಬ ದುಷ್ಟಕ್ರಮವಿಧಿ ಅವುಗಳನ್ನು ವಶಮಾಡಿಕೊಂಡಿತ್ತು. ತಮ್ಮ ಮನೆಯ ಉಪಕರಣ ಪರರನ್ನು ಪೀಡಿಸುತ್ತಿದೆಯೆಂಬುದು ಅದರ ಒಡೆಯರಿಗೆ ಗೊತ್ತೇ ಇರಲಿಲ್ಲ. ಮರುವರ್ಷ, 2017ರ ಮೇ 12ರಂದು, ವನ್ನಾಕ್ರೈ ಎಂಬ ಮತ್ತೊಂದು ಪಿಡುಗು ಲೋಕವನ್ನು ವ್ಯಾಪಿಸಿತು. ಅದು ಹೊಕ್ಕ ದೋಷಕ್ಕೆ ತಕ್ಕ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ಕೊಟ್ಟಿತ್ತು. ಹಾಕಿಕೊಳ್ಳದೆ ಇದ್ದವರ ಯಂತ್ರಗಳಿಂದ ಯಂತ್ರಗಳಿಗೆ ಅದು ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳಿಗೆ ಗೊತ್ತುಮಾಡಿದ್ದ ಭೇಟಿಗಳು ರದ್ದಾದವು. "ನಾಳೆ ಮಾಡೋಣ" ಎಂದು ಮುಂದೂಡಿದ ಒಂದು ಅಪ್‌ಡೇಟು ಎಲ್ಲಿಯೋ ಮಲಗಿದ್ದ ರೋಗಿಯನ್ನು ತಟ್ಟಿತು. ಪ್ರಮಾದಕ್ಕೆ ಮನೆಯ ಗೋಡೆ ಎಲ್ಲೆಯಲ್ಲ. ನೆರೆಯವರ ಬಾವಿಯನ್ನು ಕೆಡಿಸುವ ಹಕ್ಕು ಹೇಗೆ ಯಾರಿಗೂ ಇಲ್ಲವೋ, ತನ್ನ ಯಂತ್ರವನ್ನು ಪರಪೀಡೆಗೆ ಬಾಗಿಲಾಗಿಸುವ ಹಕ್ಕೂ ಯಾರಿಗೂ ಇಲ್ಲ.

ಒಳಗಿನದರ ರಕ್ಷಣೆಯಲ್ಲಿ ಇನ್ನೊಂದು ಅಂಗ ಪ್ರತಿ ಮಾಡಿಡುವುದು. ಹತ್ತನೆಯ ಶತಮಾನದ ಕೊನೆಯಲ್ಲಿದ್ದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಗರಿಯನ್ನು ಹುಳು ತಿನ್ನುತ್ತದೆ, ಬೆಂಕಿ ಸುಡುತ್ತದೆ, ಹೊಳೆ ಒಯ್ಯುತ್ತದೆ. ಉಳಿಯುವುದು ಹಲವೆಡೆ ಇರುವ ಕೃತಿ ಮಾತ್ರ. ಇಂದಿನ ತಜ್ಞರು ಹೇಳುವ ಸೂತ್ರವೂ ಇದೇ: ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಆಧಾರಗಳಲ್ಲಿರಲಿ, ಒಂದು ಬೇರೆ ಸ್ಥಳದಲ್ಲಿರಲಿ. ವರ್ಷವಿಡೀ ಬರೆದ ಪ್ರಬಂಧವನ್ನು ಒಂದೇ ಪೆನ್‌ಡ್ರೈವಿನಲ್ಲಿ ಇಟ್ಟು ತಿರುಗುವ ವಿದ್ಯಾರ್ಥಿ ಅತ್ತಿಮಬ್ಬೆಯ ನಾಡಿನವನೆಂದು ಹೇಳಿಕೊಳ್ಳಲು ನಾಚಬೇಕು.

ಹೀಗೆ ಕಲಿಸಬೇಕಾದುದೇನೆಂಬುದು ಸ್ಪಷ್ಟವಾಯಿತು. ಇದನ್ನು ಕಲಿಸುವ ಬಗೆ ಹೇಗೆ ಎಂಬುದೇ ಕಠಿನವಾದ ಅಂಶ. ದಂಡದ ಭಯವೇ ಸುಲಭೋಪಾಯವೆಂದು ತೋರುತ್ತದೆ. ಅದರ ಫಲವನ್ನು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ನೋಡಬಹುದು. ಮಗುವಿಗೊಂದು ಲ್ಯಾಪ್‌ಟಾಪು ಎಂಬ ಯೋಜನೆಯಂತೆ ಅಲ್ಲಿನ ಬಡ ಗ್ರಾಮಗಳ ಮಕ್ಕಳಿಗೆ ಲಕ್ಷಗಟ್ಟಲೆ ಯಂತ್ರಗಳನ್ನು ಹಂಚಿದರು. ಮಕ್ಕಳು ಅವನ್ನು ಮನೆಗೂ ಒಯ್ಯಲಿ ಎಂಬುದು ಉದ್ದೇಶ. ಆದರೆ 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮನೆಗೆ ಒಯ್ಯುತ್ತಿದ್ದವರು ಅರ್ಧಕ್ಕಿಂತ ಕಡಿಮೆಯೆಂದು ಕಂಡುಬಂದಿತು. ಕೆಟ್ಟರೆ, ಕಳೆದರೆ ಯಾರು ಹೊಣೆ ಎಂಬ ಅಂಜಿಕೆ ಅದಕ್ಕೆ ಕಾರಣಗಳಲ್ಲಿ ಒಂದು. ನಮ್ಮಲ್ಲಿಯೂ ಬೀಗ ಹಾಕಿದ ಕೋಣೆಯಲ್ಲಿ ಹೊಸದಾಗಿಯೇ ಹಳೆಯದಾಗುವ ಕಂಪ್ಯೂಟರುಗಳು ಎಷ್ಟಿಲ್ಲ? ಅವು ಮುರಿದಿಲ್ಲ, ಗೀಚಿಲ್ಲ. ಒಬ್ಬ ಮಗುವೂ ಅವುಗಳಿಂದ ಒಂದಕ್ಷರವನ್ನು ಕಲಿತಿಲ್ಲ. ಬಳಕೆಯನ್ನು ಕೊಂದು ವಸ್ತುವನ್ನು ಉಳಿಸಿದರೆ ಅದನ್ನು ರಕ್ಷಣೆಯೆನ್ನಲಾಗದು. ಬೀಜವನ್ನು ಬಿತ್ತದೆ ಕಣಜದಲ್ಲಿ ಮುಗ್ಗಲು ಬಿಟ್ಟಂತೆ ಅದು.

ಭಯದಿಂದ ಆಗುವ ಇದಕ್ಕಿಂತ ದೊಡ್ಡ ಕೇಡು ಮರೆಮಾಚುವುದು. ಲ್ಯಾಪ್‌ಟಾಪು ಕೈಜಾರಿ ಬಿದ್ದಿತು. ದಂಡ ತೆರಬೇಕಾದೀತೆಂದು ಹುಡುಗನು ಸುಮ್ಮನೆ ಮುಚ್ಚಿಟ್ಟನು. ಚಿಕ್ಕ ಬಿರುಕು ದೊಡ್ಡದಾಯಿತು. ಮೋಸದ ಸಂದೇಶವನ್ನು ನಂಬಿ ಹುಡುಗಿ ಒತ್ತಬಾರದ ಕೊಂಡಿಯನ್ನು ಒತ್ತಿದಳು. ಏಟು ಬಿದ್ದೀತೆಂದು ಎರಡು ದಿನ ಬಾಯಿ ಬಿಡಲಿಲ್ಲ. ಆ ಎರಡು ದಿನಗಳಲ್ಲಿ ತಂದೆಯ ಖಾತೆ ಬರಿದಾಯಿತು. ಇಂಥ ವಂಚನೆಯಲ್ಲಿ ಮೊದಲ ಗಂಟೆಗಳೇ ಅಮೂಲ್ಯ. ಕೂಡಲೇ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಿದರೆ ಹಣವನ್ನು ತಡೆಹಿಡಿಯುವ ಅವಕಾಶವುಂಟು. ತಡವಾದಷ್ಟೂ ಅದು ಕೈಯಿಂದ ಕೈಗೆ ದಾಟಿಹೋಗುತ್ತದೆ. ನಿಜವನ್ನು ಒಡನೆಯೇ ಹೇಳುವ ಧೈರ್ಯವನ್ನು ಮಗುವಿನಲ್ಲಿ ಬೆಳೆಸದ ಯಾವ ಬೀಗವೂ ಬೀಗವಲ್ಲ. ಆದುದರಿಂದ ಸ್ಮೃತಿಕಾರನು ಮಾಡಿದ ವಿವೇಕವನ್ನು ನಾವು ಶಾಲೆಯಲ್ಲಿಯೂ ಮಾಡಬೇಕು. ದೈವದಿಂದ, ಕಳ್ಳತನದಿಂದ ಆದುದಕ್ಕೆ ದಂಡವಿಲ್ಲ. ಪ್ರಮಾದದಿಂದ ಆದುದಕ್ಕೆ ದುಡಿಮೆಯ ಪ್ರಾಯಶ್ಚಿತ್ತವಿರಲಿ: ಒಂದು ವಾರ ಗಣಕಕೊಠಡಿಯ ಧೂಳನ್ನು ಒರೆಸಲಿ, ತಂತಿಗಳನ್ನು ಸುತ್ತಿಡಲಿ. ಮುಚ್ಚಿಟ್ಟದ್ದಕ್ಕೆ ಮಾತ್ರ ಕಠಿನವಾದ ಮಾತಿರಲಿ. ತಾನಾಗಿ ಬಂದು ಹೇಳಿದವನನ್ನು ಎಲ್ಲರೆದುರು ಹೀಯಾಳಿಸುವ ಗುರುವು ಮುಂದಿನ ಹತ್ತು ಮಕ್ಕಳ ಬಾಯಿಗೆ ಬೀಗ ಹಾಕಿದಂತಾಗುತ್ತದೆ.

"ಹೀಗೆ ಸಡಿಲ ಬಿಟ್ಟರೆ ಅಲಕ್ಷ್ಯ ಹೆಚ್ಚುವುದಿಲ್ಲವೇ?" ಎಂಬ ಶಂಕೆ ಸಹಜ. ಹೊಣೆಯನ್ನು ಹಂಚಿದರೆ ಅಲಕ್ಷ್ಯ ಕಡಿಮೆಯಾಗುತ್ತದೆ. ಗಣಕಕೊಠಡಿಯ ಪಾಲನೆಯನ್ನು ಸರದಿಯಂತೆ ಮಕ್ಕಳಿಗೇ ಒಪ್ಪಿಸಬೇಕು. ಬಂದವರ ಹೆಸರು, ಯಂತ್ರದ ಸ್ಥಿತಿ, ಕಂಡ ದೋಷ ಇವನ್ನು ಅವರೇ ಪುಸ್ತಕದಲ್ಲಿ ಬರೆಯಲಿ. ತಾನು ಒರೆಸಿದ ಪರದೆಯ ಮೇಲೆ ಎಣ್ಣೆಗೈ ಇಡಲು ಯಾವ ಮಗುವೂ ಹಿಂಜರಿಯುತ್ತದೆ. ಉಪಾಧ್ಯಾಯರ ನಡತೆಯೂ ಇಲ್ಲಿ ಪಾಠವೇ. ಕಚೇರಿಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿಟ್ಟು, ಮಕ್ಕಳ ಭಾವಚಿತ್ರಗಳನ್ನು ಅವರ ಮನೆಯವರನ್ನು ಕೇಳದೆ ಎಲ್ಲೆಡೆ ಹಂಚಿ, ತರಗತಿಯಲ್ಲಿ ಗುಟ್ಟಿನ ಮಹತ್ವವನ್ನು ಬೋಧಿಸಿದರೆ ಮಕ್ಕಳು ನಗದೆ ಇರುತ್ತಾರೆಯೇ? ನುಡಿಗೂ ನಡೆಗೂ ನಡುವೆ ಇರುವ ಅಂತರವನ್ನು ಮಕ್ಕಳ ಕಣ್ಣು ಎಲ್ಲಕ್ಕಿಂತ ಮೊದಲು ಕಾಣುತ್ತದೆ.

ಕೊನೆಗೆ ಯಂತ್ರದ ಅಂತ್ಯದ ವಿಷಯವಾಗಿ ಒಂದು ಮಾತು. 2022ರಲ್ಲಿ ಲೋಕದಲ್ಲೆಲ್ಲ 6 ಕೋಟಿ 20 ಲಕ್ಷ ಟನ್ನುಗಳಷ್ಟು ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತೆಂದೂ ಅದರಲ್ಲಿ ಲೆಕ್ಕಕ್ಕೆ ಸಿಕ್ಕುವಂತೆ ಸಂಗ್ರಹಿಸಿ ಸಂಸ್ಕರಿಸಿದ್ದು ನಾಲ್ಕನೆಯ ಒಂದು ಪಾಲಿಗಿಂತಲೂ ಕಡಿಮೆಯೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರ ವರದಿಯಲ್ಲಿ ಹೇಳಿವೆ. ಉಳಿದುದರಲ್ಲಿ ಒಂದು ಭಾಗವನ್ನು ಎಲ್ಲಿಯೋ ಬಡವರು ಬರಿಗೈಯಿಂದ ಒಡೆದು, ಸುಟ್ಟು, ವಿಷದ ಹೊಗೆಯನ್ನು ಕುಡಿಯುತ್ತಾರೆ. ಎರಡು ವರ್ಷ ಬಾಳುವ ಮೊಬೈಲನ್ನು ಐದು ವರ್ಷ ಬಾಳಿಸಿದ ವಿದ್ಯಾರ್ಥಿ ಆ ಹೊಗೆಯಲ್ಲಿ ಒಂದಂಶವನ್ನು ತಗ್ಗಿಸಿದನು. ಬಿಡುವ ಕಾಲ ಬಂದಾಗ ಒಳಗಿನದನ್ನು ಅಳಿಸಿ, ಕಸದ ಬುಟ್ಟಿಗೆ ಹಾಕದೆ, ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ನ್ಯಾಸವು ಅಲ್ಲಿಗೆ ಮುಗಿಯುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಜಡವಸ್ತುವಿಗೆ ನಾವು ಸಲ್ಲಿಸಬೇಕಾದ ಧರ್ಮವೆಂಬುದು ಬೇರೆಯಾಗಿ ಇಲ್ಲ. ಆದರೆ ಜಡವಸ್ತುವಿನ ಮೂಲಕ ಚೇತನರಿಗೆ ಸಲ್ಲಬೇಕಾದ ಧರ್ಮವುಂಟು: ಅದನ್ನು ನಂಬಿ ಕೊಟ್ಟವರಿಗೆ, ಅದರೊಳಗೆ ತಮ್ಮ ಮಾತನ್ನು ಇರಿಸಿದವರಿಗೆ, ನಾಳೆ ಅದನ್ನು ಬಳಸಲಿರುವವರಿಗೆ, ಅದು ಕೆಟ್ಟ ದಿನ ಅದರ ಹೊಗೆಯನ್ನು ಉಸಿರಾಡುವವರಿಗೆ. ಯಂತ್ರವನ್ನು ಮೆಲ್ಲಗೆ ಕೆಳಗಿಡುವ ಕೈ ಇವರೆಲ್ಲರಿಗೂ ಒಂದು ಗೌರವವನ್ನು ಸಲ್ಲಿಸುತ್ತದೆ. ಇಷ್ಟನ್ನು ಕಲಿತ ವಿದ್ಯಾರ್ಥಿಯ ಕೈಗೆ ನಾಳೆ ಊರಿನ ಲೆಕ್ಕವನ್ನೋ ಆಸ್ಪತ್ರೆಯ ಕಾಗದವನ್ನೋ ನಾಡಿನ ಭಂಡಾರವನ್ನೋ ಒಪ್ಪಿಸಿ ನಿಶ್ಚಿಂತೆಯಿಂದ ಇರಬಹುದು.